ಸಂವಿಧಾನ ಬಿಡಿ, ಅರ್ಜಿ ಫಾರಂ ತೋರಿಸಿ

ಸಂವಿಧಾನ ಓದಿದರೆ ಎಲ್ಲ ದೇಶವೂ ಚಿನ್ನವೇ. ಸ್ಟಾಲಿನ್ ಕಾಲದ 1936ರ ಸೋವಿಯತ್ ಸಂವಿಧಾನದಲ್ಲೂ ಪ್ರಾರ್ಥನೆಯ ಸ್ವಾತಂತ್ರ್ಯ ಇತ್ತು! ಹಾಗಾಗಿ ಒಂದು ಸರ್ಕಾರ ಸಣ್ಣ ಧರ್ಮದವರನ್ನು ಹೇಗೆ ನಡೆಸಿಕೊಳ್ಳುತ್ತದೆ ಅಂತ ತಿಳಿಯಬೇಕಾದರೆ ನಾನು ಅದರ ಅರ್ಜಿ ಫಾರಂ ನೋಡುತ್ತೇನೆ.

ಈಜಿಪ್ಟಿನ ಬಹಾಯಿಗಳನ್ನೇ ತಗೊಳ್ಳಿ, ಹತ್ತೊಂಬತ್ತನೇ ಶತಮಾನದಲ್ಲಿ ಇರಾನಿನಲ್ಲಿ ಹುಟ್ಟಿದ ಒಂದು ಸಣ್ಣ ಧರ್ಮದವರು. 1960ರಲ್ಲಿ ನಾಸರ್ ಸರ್ಕಾರ ಅವರ ಸಂಸ್ಥೆಗಳನ್ನು ಮುಚ್ಚಿಸಿತು. ಆದರೂ ಗುರುತಿನ ಚೀಟಿ ಕೈಬರಹದಲ್ಲಿದ್ದಷ್ಟು ದಿನ ಹೇಗೋ ನಡೆಯುತ್ತಿತ್ತು. ಗುಮಾಸ್ತ ಮನಸ್ಸು ಮಾಡಿದರೆ ಧರ್ಮದ ಕಾಲಂ ಖಾಲಿ ಬಿಡುತ್ತಿದ್ದ, ಇಲ್ಲವೇ ಒಂದು ಗೆರೆ ಎಳೆದು ಕೊಡುತ್ತಿದ್ದ. ಆಮೇಲೆ ಕಂಪ್ಯೂಟರ್ ಬಂತು. ಅದರಲ್ಲಿ ಇದ್ದದ್ದು ಮೂರೇ ಆಯ್ಕೆ: ಇಸ್ಲಾಂ, ಕ್ರೈಸ್ತ, ಯಹೂದಿ. ಒಂದೋ ಸುಳ್ಳು ಬರೆಸಬೇಕು, ಇಲ್ಲ ಕಾರ್ಡೇ ಇಲ್ಲದೆ ಬದುಕಬೇಕು. ಕಾರ್ಡ್ ಇಲ್ಲ ಅಂದರೆ ಬ್ಯಾಂಕ್ ಖಾತೆ ಇಲ್ಲ, ಕಾಲೇಜು, ಕೆಲಸ ಎಲ್ಲಕ್ಕೂ ತೊಂದರೆ. ಕೋರ್ಟಿಗೆ ಹೋದರು. 2006ರಲ್ಲಿ ಸೋತರು, ಮತ್ತೆ ಹೋದರು, 2009ರಲ್ಲಿ ಅಂತಿಮವಾಗಿ ಗೆದ್ದರು. ಗೆದ್ದದ್ದು ಏನನ್ನು? ಬಹಾಯಿ ಅಂತ ಬರೆಸುವ ಹಕ್ಕನ್ನಲ್ಲ. ಆ ಕಾಲಂನಲ್ಲಿ ಒಂದು ಅಡ್ಡ ಗೆರೆ ಹಾಕಿಸಿಕೊಳ್ಳುವ ಹಕ್ಕನ್ನು. ಅಷ್ಟಕ್ಕೆ ಅಷ್ಟು ವರ್ಷ ಅಲೆದಾಟ.

ಇರಾನಿನಲ್ಲಿ ಇದೇ ಬಹಾಯಿಗಳ ಮಕ್ಕಳು ಕಾಲೇಜು ಪ್ರವೇಶ ಪರೀಕ್ಷೆ ಬರೆಯುತ್ತಾರೆ. ಫಲಿತಾಂಶ ನೋಡಲು ಹೋದರೆ 'ನಿಮ್ಮ ಫೈಲ್ ಅಪೂರ್ಣ' ಅಂತ ಬರುತ್ತದೆ. ಯಾವ ಕಾಗದ ಕಡಿಮೆ ಅಂತ ಯಾರೂ ಹೇಳುವುದಿಲ್ಲ. ಕಡಿಮೆಯಾದದ್ದು ಕಾಗದವೇ ಅಲ್ಲವಲ್ಲ.

ಪಾಕಿಸ್ತಾನದ್ದು ಇನ್ನೂ ವಿಚಿತ್ರ. ಅಲ್ಲಿನ ಅಹ್ಮದಿಯ ಪಂಥದವರು ತಮ್ಮನ್ನು ಮುಸ್ಲಿಮರೆಂದೇ ಕರೆದುಕೊಳ್ಳುತ್ತಾರೆ, ಆದರೆ 1974ರಲ್ಲಿ ಸಂವಿಧಾನ ತಿದ್ದಿ ಅವರು ಮುಸ್ಲಿಮರಲ್ಲ ಅಂದರು. 1984ರಿಂದ ಅವರು ತಮ್ಮ ಪ್ರಾರ್ಥನಾ ಮಂದಿರವನ್ನು ಮಸೀದಿ ಅಂದರೂ ಮೂರು ವರ್ಷದವರೆಗೆ ಜೈಲು. ಇನ್ನು ಪಾಸ್‌ಪೋರ್ಟ್‌ನಲ್ಲಿ ಮುಸ್ಲಿಂ ಅಂತ ಬರೆಸಬೇಕಾದರೆ, ಅಹ್ಮದಿಯ ಪಂಥ ಕಟ್ಟಿದವರು ನಕಲಿ ಪ್ರವಾದಿ ಅಂತ ಸಹಿ ಹಾಕಬೇಕು. ಯೋಚಿಸಿ, ಯಾರ ತಂಟೆಗೂ ಹೋಗದ ಒಬ್ಬ ಸಾಮಾನ್ಯ ಮನುಷ್ಯ ಪಾಸ್‌ಪೋರ್ಟ್ ಬೇಕು ಅಂದರೆ ಪಕ್ಕದ ಮನೆಯವರ ಗುರುವನ್ನು ಬೈದು ಸಹಿ ಹಾಕಬೇಕು. ಆ ದೇಶಕ್ಕೆ ಮೊದಲ ನೊಬೆಲ್ ತಂದ ಅಬ್ದುಸ್ ಸಲಾಂ ಅಹ್ಮದಿಯ. ಅವರ ಗೋರಿಕಲ್ಲಿನಲ್ಲಿದ್ದ 'ಮುಸ್ಲಿಂ' ಎಂಬ ಪದವನ್ನೂ ಅಳಿಸಿ ಹಾಕಿದರು.

ಇಷ್ಟು ಓದಿ ಕೆಲವರಿಗೆ ಖುಷಿಯಾಗಿರಬಹುದು, 'ನೋಡಿದ್ರಾ, ಅವರು ಹಾಗೇ' ಅಂತ. ಸ್ವಲ್ಪ ತಡೀರಿ. 2009ರಲ್ಲಿ ಸ್ವಿಟ್ಜರ್ಲೆಂಡಿನಲ್ಲಿ ಹೊಸ ಮಿನಾರ್ ಕಟ್ಟಬಾರದು ಅಂತ ಜನಮತ ನಡೆಯಿತು. ನೂರಕ್ಕೆ 57ಕ್ಕೂ ಹೆಚ್ಚು ಮತ ನಿಷೇಧದ ಪರ ಬಿತ್ತು. ಆಗ ಇಡೀ ದೇಶದಲ್ಲಿ ಇದ್ದ ಮಿನಾರ್ ನಾಲ್ಕು! ಸರ್ವಾಧಿಕಾರಿ ಯಾರೂ ಬೇಕಾಗಲಿಲ್ಲ, ಮತಪೆಟ್ಟಿಗೆ ಸಾಕಾಯಿತು. ನಮ್ಮಲ್ಲಿ ಜಾಸ್ತಿ ಜನ ತಮ್ಮ ಧರ್ಮದವರು ಅಲ್ಪಸಂಖ್ಯಾತರಾಗಿರುವ ದೇಶದ ಸುದ್ದಿಗೆ ಮಾತ್ರ ಕಣ್ಣೀರು ಹಾಕುತ್ತಾರೆ. ತಾವೇ ಬಹುಸಂಖ್ಯಾತರಾಗಿರುವ ಕಡೆ ಅದೇ ಬಾಯಲ್ಲಿ 'ಇಲ್ಲಿ ಇರಬೇಕಾದರೆ ಹೊಂದಿಕೊಂಡಿರಲಿ' ಅನ್ನುತ್ತಾರೆ.

ಯೆಹೋವನ ಸಾಕ್ಷಿಗಳು ಎಂಬ ಕ್ರೈಸ್ತ ಪಂಥದವರ ವಿಷಯ ಬಂದರಂತೂ ಯಾರಿಗೂ ಕನಿಕರ ಇಲ್ಲ. ವೋಟ್ ಹಾಕಲ್ಲ, ಸೈನ್ಯಕ್ಕೆ ಸೇರಲ್ಲ, ಬಾಗಿಲು ತಟ್ಟಿ ಪ್ರಚಾರ ಬೇರೆ. 2017ರಲ್ಲಿ ರಷ್ಯಾದ ಸುಪ್ರೀಂ ಕೋರ್ಟ್ ಅವರನ್ನು 'ಉಗ್ರಗಾಮಿ' ಅಂತ ಕರೆದು ಅವರ 395 ಸ್ಥಳೀಯ ಸಂಘಗಳನ್ನು ಮುಚ್ಚಿಸಿತು. ಪ್ರಾರ್ಥನೆಗೆ ಸೇರಿದ ತಪ್ಪಿಗೆ ಜೈಲಿಗೂ ಹಾಕಿದರು.

ಅದೇ ಪಂಥದ ಮೂರು ಮಕ್ಕಳು 1985ರಲ್ಲಿ ಕೇರಳದ ಶಾಲೆಯೊಂದರಲ್ಲಿ ರಾಷ್ಟ್ರಗೀತೆಗೆ ಗೌರವದಿಂದ ಎದ್ದು ನಿಂತರು, ಆದರೆ ತಮ್ಮ ಧಾರ್ಮಿಕ ನಂಬಿಕೆ ಒಪ್ಪುವುದಿಲ್ಲ ಅಂತ ಹಾಡಲಿಲ್ಲ. ವಿಚಾರಣಾ ಸಮಿತಿಯೇ 'ಈ ಮಕ್ಕಳು ಅಗೌರವ ತೋರಿಲ್ಲ' ಅಂದರೂ ಶಾಲೆಯಿಂದ ತೆಗೆದರು. ಹೈಕೋರ್ಟಿನಲ್ಲೂ ಸೋತರು. ಮರುವರ್ಷ ಸುಪ್ರೀಂ ಕೋರ್ಟ್ ವಾಪಸ್ ಸೇರಿಸಿಕೊಳ್ಳಿ ಅಂತು. ಹಾಡಲೇಬೇಕು ಅನ್ನುವ ಕಾನೂನೇ ಇಲ್ಲ ಅಂತು. ಆ ನಂಬಿಕೆ ನಮ್ಮ ಬುದ್ಧಿಗೆ ಒಪ್ಪುತ್ತದೋ ಇಲ್ಲವೋ ಅದು ಪ್ರಶ್ನೆಯಲ್ಲ, ಅವರು ಪ್ರಾಮಾಣಿಕವಾಗಿ ನಂಬಿದ್ದಾರಾ ಅನ್ನುವುದೇ ಪ್ರಶ್ನೆ ಅಂತು.

ಆ ಮಕ್ಕಳ ನಿಲುವು ನನಗೆ ಒಪ್ಪಿಗೆಯಿಲ್ಲ. ರಾಷ್ಟ್ರಗೀತೆ ಬಂದರೆ ನಾನು ಜೋರಾಗೇ ಹಾಡುವವನು, ಶ್ರುತಿ ತಪ್ಪಿದರೂ. ಆದರೆ ಪಕ್ಕದಲ್ಲಿ ಸುಮ್ನೆ ನಿಂತವನ ಬಾಯಿ ಅಲ್ಲಾಡುತ್ತಿದೆಯಾ ಅಂತ ನೋಡುವ ಕೆಲಸವನ್ನು ನಾನು ಯಾವ ಸರ್ಕಾರಕ್ಕೂ ಕೊಟ್ಟಿಲ್ಲ.