ಕಾಯಿಲ್ ಬಿಸಿಯಾದರೆ ಕರೆಂಟ್ ಲೆಕ್ಕ ತಪ್ಪುತ್ತದೆ

ಮೈಸೂರಿನ ನಮ್ಮ ಎಲೆಕ್ಟ್ರಾನಿಕ್ಸ್ ಗೆಳೆಯರ ವಾಟ್ಸಾಪ್ ಗುಂಪಿನಲ್ಲಿ ಒಂದು ಮಾತು ಓಡಾಡುತ್ತಿದೆ: ಬಕ್ ಕನ್ವರ್ಟರ್‌ನ (ಡಿಸಿ ವೋಲ್ಟೇಜ್ ಇಳಿಸುವ ಸರ್ಕ್ಯೂಟ್) ಇಂಡಕ್ಟರ್‌ಗೆ, ಅಂದರೆ ಕಾಯಿಲ್‌ಗೆ, ಒಂದು ರೆಸಿಸ್ಟರ್, ಒಂದು ಕೆಪಾಸಿಟರ್ ಜೋಡಿಸಿದರೆ ಕರೆಂಟಿನ ಅಳತೆ ಕರಾರುವಾಕ್ಕಾಗಿ ಸಿಗುತ್ತದೆ, ಶಂಟ್ (ಕರೆಂಟ್ ಅಳೆಯಲೆಂದೇ ಹಾಕುವ ಸಣ್ಣ ರೆಸಿಸ್ಟರ್) ಬೇಡವೇ ಬೇಡ ಅಂತ. ಇದು ಅರ್ಧ ಮಾತ್ರ ನಿಜ. ಇಲ್ಲಿ ಅಳೆಯುವುದು ಕಾಯಿಲ್‌ನ ತಂತಿಯ ರೆಸಿಸ್ಟೆನ್ಸ್ ಮೇಲೆ ಬೀಳುವ ವೋಲ್ಟೇಜನ್ನು. ತಂತಿ ತಾಮ್ರದ್ದು ಅಲ್ವಾ, ಪ್ರತಿ ಡಿಗ್ರಿ ಸೆಲ್ಸಿಯಸ್‌ಗೆ ಅದರ ರೆಸಿಸ್ಟೆನ್ಸ್ ಸುಮಾರು 0.39% ಏರುತ್ತದೆ, 25 ಡಿಗ್ರಿಯಲ್ಲಿ ಹೊಂದಿಸಿದ್ದು 100 ಡಿಗ್ರಿ ಮುಟ್ಟಿದಾಗ ಕರೆಂಟನ್ನು ಸುಮಾರು 29% ಜಾಸ್ತಿ ತೋರಿಸುತ್ತದೆ, ಲೋಡ್ ಮಿತಿಯೊಳಗೇ ಇದ್ದರೂ ಸರ್ಕ್ಯೂಟ್ ಸುಮ್ನೆ ಟ್ರಿಪ್ ಆಗಬಹುದು. ಕಾಯಿಲ್ ಪಕ್ಕದಲ್ಲೇ ಥರ್ಮಿಸ್ಟರ್ (ಬಿಸಿ ಅಳೆಯುವ ರೆಸಿಸ್ಟರ್) ಇಟ್ಟು ಇದನ್ನು ಸರಿಪಡಿಸಬೇಕು. ಆ ರೆಸಿಸ್ಟರ್-ಕೆಪಾಸಿಟರ್ ಜೋಡಿಯ ಟೈಮ್ ಕಾನ್‌ಸ್ಟೆಂಟ್ (ಬದಲಾವಣೆಗೆ ಎಷ್ಟು ಬೇಗ ಸ್ಪಂದಿಸುತ್ತದೆ ಎಂಬುದರ ಅಳತೆ) ಕೂಡ ಕಾಯಿಲ್‌ನದಕ್ಕೆ ಹೊಂದಬೇಕು. ಬ್ಯಾಟರಿ ಚಾರ್ಜರ್ ಮಾಡುವವರು ದಯವಿಟ್ಟು ಶಂಟ್ ಬಿಡಬೇಡಿ.