ಕಮಿಷನ್ ಎಷ್ಟು ಅಂತ ಕೇಳಬೇಡಿ, ಕೈಗೆ ಎಷ್ಟು ಬರುತ್ತೆ ಅಂತ ಕೇಳಿ

ರಜೆ ಹತ್ತಿರ ಬಂದರೆ ಸಾಕು, ನಮ್ಮ ಮುಂಬಯಿ ಸುತ್ತಿನ ಡೊಂಬಿವಲಿ, ಠಾಣೆ, ಮುಲುಂಡ್ ಕಡೆಯ ಕನ್ನಡದ ಮನೆಗಳಲ್ಲಿ ಫಾರಿನ್ ಮಾತು ಶುರು. ಯಾರೋ ದುಬೈಗೆ ಮಗಳ ಬಾಣಂತನಕ್ಕೆ ಹೊರಟಿರುತ್ತಾರೆ, ಯಾರೋ ಬ್ಯಾಂಕಾಕ್ ಟೂರ್ ಬುಕ್ ಮಾಡಿರುತ್ತಾರೆ. ಟಿಕೆಟ್‌ನಲ್ಲಿ ಐನೂರು ರೂಪಾಯಿ ಉಳಿಸಲು ನಾಲ್ಕು ಆ್ಯಪ್ ತಿರುವಿ ಹಾಕುವ ಇದೇ ಜನ, ದುಡ್ಡು ಬದಲಾಯಿಸುವಾಗ ಮಾತ್ರ ಏಜೆಂಟ್ ಹೇಳಿದ ರೇಟಿಗೆ ಹೂಂ ಅಂದುಬಿಡುತ್ತಾರೆ. ಇದನ್ನು ನೋಡಿದಾಗೆಲ್ಲ ನನಗೆ ಹೊಟ್ಟೆ ಉರಿಯುತ್ತೆ. ಹೋಟೆಲ್ ಗಲ್ಲಾದ ಹಿಂದೆ, ಬ್ಯಾಂಕಿನ ಕೌಂಟರಿನ ಹಿಂದೆ ವರ್ಷಗಟ್ಟಲೆ ಕೂತು ಕೂಡಿಟ್ಟ ದುಡ್ಡು ಅದು.

ಎಲ್ಲರೂ ಮೊದಲು ಕೇಳುವುದು, "ಕಮಿಷನ್ ಎಷ್ಟು?" ಉತ್ತರ ರೆಡಿ ಇರುತ್ತೆ, "ಜೀರೋ ಕಮಿಷನ್ ಸರ್." ಅದು ಸುಳ್ಳಲ್ಲ. ಆದರೆ ಅಂಗಡಿಯವರ ಲಾಭ ಕಮಿಷನ್‌ನಲ್ಲಿ ಇಲ್ಲ, ರೇಟಿನೊಳಗೆ ಕೂತಿದೆ. ಲೆಕ್ಕಕ್ಕೆ ಅಂತ ಇಟ್ಟುಕೊಳ್ಳಿ, ಇವತ್ತು ಮಾರುಕಟ್ಟೆಯಲ್ಲಿ ಡಾಲರ್ 90 ರೂಪಾಯಿ. ಕೌಂಟರಿನಲ್ಲಿ 92.50ಕ್ಕೆ ಕೊಟ್ಟರೆ ಸಾವಿರ ಡಾಲರಿಗೆ ನೀವು 2,500 ರೂಪಾಯಿ ಜಾಸ್ತಿ ಕೊಟ್ಟ ಹಾಗಾಯಿತು. ಅದರ ಮೇಲೆ ಜಿಎಸ್‌ಟಿ. ಒಂದು ಲಕ್ಷದವರೆಗಿನ ವ್ಯವಹಾರಕ್ಕೆ ಅದು ಮೊತ್ತದ ಶೇಕಡಾ 0.18, ಕನಿಷ್ಠ 45 ರೂಪಾಯಿ. ಅಂದರೆ ಇಲ್ಲಿ ಸುಮಾರು 166 ರೂಪಾಯಿ. ಜನ ಜಿಎಸ್‌ಟಿ ನೋಡಿ ಬೈಯುತ್ತಾರೆ, 2,500 ಹೋದದ್ದು ಗೊತ್ತೇ ಆಗುವುದಿಲ್ಲ.

ಹಾಗಾಗಿ ಕೇಳಬೇಕಾದ್ದು ಒಂದೇ ಪ್ರಶ್ನೆ. "ಎಲ್ಲ ಸೇರಿ ನಾನೆಷ್ಟು ಕೊಡಬೇಕು, ನನ್ನ ಕೈಗೆ ಎಷ್ಟು ಡಾಲರ್ ಬರುತ್ತೆ?" ಇದೇ ಪ್ರಶ್ನೆಯನ್ನು ಮೂರು ಕಡೆ ಕೇಳಿ. ಮುಂಬಯಿಯ ಸಿಎಸ್‌ಎಂಟಿ ರೈಲು ನಿಲ್ದಾಣದಲ್ಲಿ ಇಳಿದು ಫೋರ್ಟ್ ಕಡೆ ನಡೆದರೆ ಮನಿ ಚೇಂಜರ್ ಅಂಗಡಿಗಳು ಸಿಗುತ್ತವೆ. ಬೋರ್ಡಿನಲ್ಲಿ 'ಬೈ', 'ಸೆಲ್' ಅಂತ ಎರಡು ಸಾಲು. ನಾವು ಡಾಲರ್ ಕೊಳ್ಳುವವರು, ಆದ್ದರಿಂದ ನೋಡಬೇಕಾದ್ದು 'ಸೆಲ್'. ಬೋರ್ಡಿನ ರೇಟೇ ಕೊನೆಯದು ಅಂದುಕೊಳ್ಳಬೇಡಿ. "ಲಾಸ್ಟ್ ರೇಟ್ ಬೋಲೋ ಭಾಯ್" ಅಂತ ಕೇಳಿದರೆ ಅವರು ಕ್ಯಾಲ್ಕುಲೇಟರ್ ಒತ್ತಿ ನಿಮ್ಮ ಕಡೆ ತಿರುಗಿಸುತ್ತಾರೆ. ಪಕ್ಕದ ಅಂಗಡಿಯ ರೇಟ್ ಹೇಳಿ, ಮತ್ತೆ ಒತ್ತುತ್ತಾರೆ. ಐವತ್ತು ಪೈಸೆ ಇಳಿದರೂ ಸಾವಿರ ಡಾಲರಿಗೆ 500 ರೂಪಾಯಿ ಉಳಿಯಿತು, ಅಲ್ವಾ? ಆರ್‌ಬಿಐ ಲೈಸೆನ್ಸ್ ಇರುವ ಅಂಗಡಿಗೇ ಹೋಗಿ, ಬಿಲ್ ತೆಗೆದುಕೊಳ್ಳದೆ ಹೊರಗೆ ಬರಬೇಡಿ. ಪಾಸ್‌ಪೋರ್ಟ್, ಪ್ಯಾನ್, ಟಿಕೆಟ್ ಜೊತೆಗಿರಲಿ. 50,000 ರೂಪಾಯಿಗಿಂತ ಜಾಸ್ತಿ ಆದರೆ ನಗದು ಕೊಡುವ ಹಾಗಿಲ್ಲ, ಬ್ಯಾಂಕ್ ಮೂಲಕವೇ ಕೊಡಬೇಕು. ಹೆಚ್ಚಿನ ದೇಶಗಳಿಗೆ ಒಂದು ಪ್ರಯಾಣಕ್ಕೆ ನೋಟಿನ ರೂಪದಲ್ಲಿ 3,000 ಡಾಲರ್‌ವರೆಗೆ ಮಾತ್ರ ಒಯ್ಯಬಹುದು.

ಏರ್‌ಪೋರ್ಟ್ ಕೌಂಟರ್ ಬಗ್ಗೆ ಹೆಚ್ಚು ಬರೆಯುವುದಿಲ್ಲ. ಮುಂಬಯಿಯ ಸಹಾರ್ ಏರ್‌ಪೋರ್ಟಿನಲ್ಲಿ ಚೆಕ್-ಇನ್ ಮುಗಿಸಿ ಡಾಲರ್ ಕೊಂಡರಾಯಿತು ಅಂತ ಯಾರೂ ಬಿಡಬೇಡಿ. ಅಲ್ಲಿ ನಿಮಗೆ ಬೇರೆ ದಾರಿ ಇಲ್ಲ ಅನ್ನುವುದು ಅವರಿಗೆ ಗೊತ್ತು.

ಯಾವ ಕರೆನ್ಸಿ ಒಯ್ಯಬೇಕು ಅನ್ನುವುದಕ್ಕೂ ಲೆಕ್ಕ ಇದೆ. ದುಬೈಗಾದರೆ ಮುಂಬಯಿಯಲ್ಲೇ ದಿರ್ಹಮ್ ಸುಲಭವಾಗಿ ಸಿಗುತ್ತೆ, ನೇರವಾಗಿ ಅದನ್ನೇ ಕೊಳ್ಳಿ. ಡಾಲರ್ ಒಯ್ದು ಅಲ್ಲಿ ದಿರ್ಹಮ್ ಮಾಡಿಸಿದರೆ ಎರಡು ಸಲ ಕಡಿತ. ವಿಯೆಟ್ನಾಂ, ಬಾಲಿ ಕಡೆ ಹೋಗುವವರ ಕಥೆ ಬೇರೆ. ಅಲ್ಲಿನ ಡಾಂಗ್, ರುಪಯ್ಯಾ ಇಲ್ಲಿ ಸುಲಭಕ್ಕೆ ಸಿಗುವುದಿಲ್ಲ, ಸಿಕ್ಕರೂ ರೇಟ್ ವಿಪರೀತ. ನೂರರ ಹೊಸ ಡಾಲರ್ ನೋಟು ಒಯ್ದು ಅಲ್ಲಿನ ಊರೊಳಗೆ ಬದಲಾಯಿಸುವುದೇ ಮೇಲು. ಬ್ಯಾಂಕಾಕ್‌ನಲ್ಲೂ ಅಷ್ಟೇ, ದೊಡ್ಡ ನೋಟಿಗೆ ಒಳ್ಳೆ ರೇಟ್, ಸಣ್ಣ ನೋಟಿಗೆ ಕಡಿಮೆ. ಸುವರ್ಣಭೂಮಿ ಏರ್‌ಪೋರ್ಟಿನಲ್ಲಿ ಇಳಿದವರು ಮೇಲಿನ ಕೌಂಟರ್‌ಗಳನ್ನು ಬಿಟ್ಟು, ಸಿಟಿಗೆ ರೈಲು ಹೊರಡುವ ಕೆಳಗಿನ ಮಹಡಿಗೆ ಇಳಿಯಿರಿ. ಅಲ್ಲಿನ ಎಕ್ಸ್‌ಚೇಂಜ್‌ಗಳ ರೇಟ್ ಎಷ್ಟೋ ವಾಸಿ.

ಈಗ ಕಾರ್ಡ್. ನಮ್ಮ ಬಹುತೇಕ ಬ್ಯಾಂಕ್‌ಗಳ ಡೆಬಿಟ್, ಕ್ರೆಡಿಟ್ ಕಾರ್ಡ್‌ಗಳಲ್ಲಿ ಫಾರಿನ್ ಮಾರ್ಕಪ್, ಅಂದರೆ ವಿದೇಶದ ಖರ್ಚಿನ ಮೇಲೆ ಬ್ಯಾಂಕ್ ಹಾಕುವ ಶುಲ್ಕ, ಸುಮಾರು ಶೇಕಡಾ 3.5. ಅದರ ಮೇಲೆ 18ರ ಜಿಎಸ್‌ಟಿ ಸೇರಿದರೆ 4.13. ಲಕ್ಷ ರೂಪಾಯಿ ಖರ್ಚಿಗೆ 4,130 ರೂಪಾಯಿ ಹೋಯಿತು. ಆದರೆ ಈಗ ಮಾರ್ಕಪ್ ಇಲ್ಲದ ಕಾರ್ಡ್‌ಗಳು ಬಂದಿವೆ. ವೀಸಾ, ಮಾಸ್ಟರ್‌ಕಾರ್ಡ್‌ನ ರೇಟ್ ಮಾರುಕಟ್ಟೆಗೆ ತುಂಬಾ ಹತ್ತಿರ ಇರುವುದರಿಂದ, ನನ್ನ ಲೆಕ್ಕದಲ್ಲಿ ಇವತ್ತು ಎಲ್ಲಕ್ಕಿಂತ ಅಗ್ಗದ ದಾರಿ ಇದೇ. ಹೊರಡುವುದಕ್ಕೆ ಒಂದು ತಿಂಗಳು ಮುಂಚೆ ಅರ್ಜಿ ಹಾಕಿ. ಷರತ್ತುಗಳನ್ನು ಓದಿ, ಯಾಕೆಂದರೆ ಬ್ಯಾಂಕ್‌ಗಳು ಇವನ್ನು ಆಗಾಗ ಬದಲಾಯಿಸುತ್ತವೆ. ಮೊದಲೇ ವಿದೇಶಿ ಹಣ ತುಂಬಿಸಿಕೊಂಡು ಒಯ್ಯುವ ಫಾರೆಕ್ಸ್ ಕಾರ್ಡ್ ಕೂಡ ಕೆಟ್ಟದ್ದಲ್ಲ, ಹಣ ತುಂಬಿದ ದಿನದ ರೇಟ್ ಗಟ್ಟಿಯಾಗುತ್ತೆ. ಆದರೆ ಆ ರೇಟಿನೊಳಗೂ ಬ್ಯಾಂಕಿನ ಪಾಲು ಇದೆ, ಮತ್ತು ಡಾಲರ್ ತುಂಬಿದ ಕಾರ್ಡನ್ನು ಥಾಯ್ಲೆಂಡಿನ ಬಾತ್‌ನಲ್ಲೋ ಯೂರೋದಲ್ಲೋ ಉಜ್ಜಿದರೆ ಕ್ರಾಸ್ ಕರೆನ್ಸಿ ಚಾರ್ಜ್ ಬೀಳುತ್ತೆ.

ಕಾರ್ಡ್ ಎಷ್ಟೇ ಒಳ್ಳೆಯದಿರಲಿ, ಅಂಗಡಿಯ ಮಷೀನಿನ ಮುಂದೆ ಎಚ್ಚರ ತಪ್ಪಿದರೆ ಎಲ್ಲ ನೀರುಪಾಲು. ದುಬೈ ಮಾಲ್‌ನಲ್ಲಿ ಮೊಮ್ಮಗಳಿಗೆ ಫ್ರಾಕ್ ಕೊಳ್ಳುತ್ತೀರಿ ಅನ್ನಿ. ಕಾರ್ಡ್ ಹಾಕಿದ ಕೂಡಲೇ ಪುಟ್ಟ ಸ್ಕ್ರೀನಿನಲ್ಲಿ ಎರಡು ಮೊತ್ತ ಬರುತ್ತೆ, ಒಂದು ದಿರ್ಹಮ್‌ನಲ್ಲಿ, ಇನ್ನೊಂದು ರೂಪಾಯಿಯಲ್ಲಿ. ರೂಪಾಯಿ ನೋಡಿದಾಗ ನಮ್ಮದೇ ಅಂತ ಧೈರ್ಯ ಬರುತ್ತೆ, ಬೆರಳು ಅಲ್ಲಿಗೇ ಹೋಗುತ್ತೆ. ಕೆಲವು ಕಡೆ ಸೇಲ್ಸ್‌ನವರು ಕೇಳದೆ ತಾವೇ ಒತ್ತಿಬಿಡುತ್ತಾರೆ. ದಯವಿಟ್ಟು ಬೇಡ. ಆ ರೂಪಾಯಿ ರೇಟನ್ನು ಇಡುವುದು ನಿಮ್ಮ ಬ್ಯಾಂಕ್ ಅಲ್ಲ, ಅಂಗಡಿಯ ಕಡೆಯ ಕಂಪನಿ. ಅದು ಬಹುತೇಕ ಯಾವಾಗಲೂ ದುಬಾರಿ. ಮೇಲಿಂದ ಕೆಲವು ಬ್ಯಾಂಕ್‌ಗಳು ಇಂಥ ವ್ಯವಹಾರಕ್ಕೆ ಮತ್ತೆ ಚಾರ್ಜ್ ಹಾಕುತ್ತವೆ. ಯಾವ ದೇಶದಲ್ಲಿದ್ದೀರೋ ಆ ದೇಶದ ಕರೆನ್ಸಿಯನ್ನೇ ಒತ್ತಿ. ಎಟಿಎಂನಲ್ಲೂ 'ವಿತ್ ಕನ್ವರ್ಷನ್', 'ವಿದೌಟ್ ಕನ್ವರ್ಷನ್' ಅಂತ ಕೇಳಿದರೆ 'ವಿದೌಟ್' ಒತ್ತಿ.

ಎಟಿಎಂ ಅಂದಾಗ ಥಾಯ್ಲೆಂಡ್ ಉದಾಹರಣೆ ಕೊಡಲೇಬೇಕು. ಅಲ್ಲಿ ಫಾರಿನ್ ಕಾರ್ಡ್ ಹಾಕಿದರೆ ಪ್ರತಿ ಸಲಕ್ಕೆ 220 ಬಾತ್ ಅಥವಾ ಅದಕ್ಕೂ ಜಾಸ್ತಿ ಶುಲ್ಕ. 2,000 ಬಾತ್ ತೆಗೆದರೆ ಶೇಕಡಾ 11 ಹೋಯಿತು. ಅದೇ 20,000 ತೆಗೆದರೆ 1.1 ಮಾತ್ರ. ಆದ್ದರಿಂದ ಸ್ವಲ್ಪ ಸ್ವಲ್ಪ ತೆಗೆಯುವ ಅಭ್ಯಾಸ ಅಲ್ಲಿ ನಡೆಯುವುದಿಲ್ಲ, ಗುಂಪಿನಲ್ಲಿದ್ದರೆ ಒಬ್ಬರೇ ದೊಡ್ಡ ಮೊತ್ತ ತೆಗೆದು ಹಂಚಿಕೊಳ್ಳಿ. ಕ್ರೆಡಿಟ್ ಕಾರ್ಡಿನಿಂದ ನಗದು ಮಾತ್ರ ತೆಗೆಯಬೇಡಿ ಮಾರಾಯ್ರೆ, ಮೊದಲ ದಿನದಿಂದಲೇ ಬಡ್ಡಿ, ಶುಲ್ಕ ಬೇರೆ.

ಯುಪಿಐ ಈಗ ಯುಎಇ, ಸಿಂಗಾಪುರ, ನೇಪಾಳ, ಭೂತಾನ್, ಶ್ರೀಲಂಕಾ, ಮಾರಿಷಸ್‌ನ ಕೆಲವು ಅಂಗಡಿಗಳಲ್ಲಿ ನಡೆಯುತ್ತೆ. 2024ರಿಂದ ಪ್ಯಾರಿಸ್‌ನ ಐಫೆಲ್ ಟವರ್ ಟಿಕೆಟಿಗೂ ಬಂದಿದೆ. ಆ್ಯಪ್‌ನಲ್ಲಿ ಇಂಟರ್‌ನ್ಯಾಷನಲ್ ಆನ್ ಮಾಡಿಕೊಂಡಿರಬೇಕು. ಇಲ್ಲಿಯ ಹಾಗೆ ಪುಕ್ಕಟೆ ಅಂದುಕೊಳ್ಳಬೇಡಿ, ಕನ್ವರ್ಷನ್ ಚಾರ್ಜ್ ಇರುತ್ತೆ. ಇದನ್ನೇ ನಂಬಿ ಬರಿಗೈಲಿ ಹೋಗುವ ಕಾಲ ಇನ್ನೂ ಬಂದಿಲ್ಲ.

ನನಗೆ ಜಾಸ್ತಿ ಕಳವಳ ಇರುವುದು ಟೂರ್ ಜೊತೆಗೇ ಫಾರೆಕ್ಸ್ ಮಾರುವ ಪದ್ಧತಿಯ ಬಗ್ಗೆ. ಪ್ಯಾಕೇಜ್ ದುಡ್ಡು ಕಟ್ಟುವ ದಿನವೇ "ಡಾಲರ್ ನಾವೇ ಕೊಡ್ತೀವಿ ಅಂಕಲ್, ನೀವು ಓಡಾಡೋದು ಬೇಡ" ಅನ್ನುತ್ತಾರೆ. ಎಪ್ಪತ್ತು ದಾಟಿದವರಿಗೆ ಲೋಕಲ್ ಟ್ರೇನಿನಲ್ಲಿ ಫೋರ್ಟ್‌ಗೆ ಹೋಗುವುದು ಕಷ್ಟ, ಒಪ್ಪಿಕೊಳ್ಳುತ್ತಾರೆ. ಅವರನ್ನು ತಪ್ಪು ಅನ್ನುವುದಿಲ್ಲ. ಆದರೆ ಏಜೆಂಟ್ ಹೇಳಿದ ರೇಟನ್ನು ಚೀಟಿಯಲ್ಲಿ ಬರೆಸಿಕೊಂಡು, ಎರಡು ಕಡೆ ಫೋನ್ ಮಾಡಿ ಕೇಳಲು ಮನೆ ಬಿಟ್ಟು ಹೋಗಬೇಕಿಲ್ಲ. ಎಷ್ಟೋ ಅಂಗಡಿಗಳು ಮನೆಗೇ ತಂದುಕೊಡುತ್ತವೆ.

ಉಳಿದ ನೋಟನ್ನು ಬೀರುವಿನಲ್ಲಿ ಇಟ್ಟು ಮರೆಯಬೇಡಿ. ವಾಪಸ್ ಬಂದ 180 ದಿನದೊಳಗೆ ಬ್ಯಾಂಕಿಗೋ ಮನಿ ಚೇಂಜರಿಗೋ ಹಿಂದಿರುಗಿಸಬೇಕು, ಮುಂದಿನ ಪ್ರಯಾಣಕ್ಕೆ ಅಂತ 2,000 ಡಾಲರ್‌ವರೆಗೆ ಇಟ್ಟುಕೊಳ್ಳಬಹುದು. ಮಾರುವಾಗ ಮತ್ತೆ ರೇಟ್ ಬಡಿಯುತ್ತೆ. ಅದಕ್ಕೇ ನಗದು ಕಡಿಮೆ, ಕಾರ್ಡ್ ಜಾಸ್ತಿ ಅನ್ನುತ್ತೇನೆ.

ಇನ್ನು ಮಕ್ಕಳಿಗೆ ಒಂದು ಮಾತು. 2020ರ ಆರ್‌ಬಿಐ ನಿಯಮದ ಪ್ರಕಾರ ಹೊಸ ಕಾರ್ಡ್‌ಗಳು ಭಾರತದೊಳಗೆ ಮಾತ್ರ ಚಾಲ್ತಿಯಲ್ಲಿ ಬರುತ್ತವೆ, ಫಾರಿನ್ ಬಳಕೆಯನ್ನು ನಾವೇ ಆನ್ ಮಾಡಬೇಕು. ಅಪ್ಪ ಅಮ್ಮ ವಿಮಾನ ಹತ್ತುವ ಹಿಂದಿನ ವಾರವೇ ಕೂತು ಅದನ್ನು ಮಾಡಿಕೊಡಿ, ಲಿಮಿಟ್ ಇಡಿ, ಓಟಿಪಿ ಬರುವ ನಂಬರಿಗೆ ರೋಮಿಂಗ್ ಹಾಕಿಸಿ. ಮಷೀನಿನಲ್ಲಿ ಎರಡು ಮೊತ್ತ ಬಂದರೆ ಯಾವುದನ್ನು ಒತ್ತಬೇಕು ಅಂತ ಒಂದು ಫೋಟೋ ತೋರಿಸಿ ಹೇಳಿಕೊಡಿ.