ಸರಾಸರಿ ಸರಿ ಇತ್ತಂತೆ, ಅಮ್ಮನಿಗೆ ಮಾತ್ರ ಚಳಿ

ಕೋಪನ್‌ಹೇಗನ್‌ನಲ್ಲಿ ನನ್ನ ಮೊದಲ ಚಳಿಗಾಲ. ಒಳಗೆ ಬಿಸಿನೀರು ಹರಿದು ಕೋಣೆ ಬೆಚ್ಚಗಿಡುವ ರೇಡಿಯೇಟರ್ ಮುಟ್ಟಿ ನೋಡಿದರೆ ಮೇಲೆ ಬಿಸಿ, ಕೆಳಗೆ ತಣ್ಣಗೆ. ಕೆಟ್ಟಿದೆ ಅಂದುಕೊಂಡು ತಿರುಪನ್ನು ಕೊನೆಯ ಅಂಕಿ 5ಕ್ಕೆ ತಿರುಗಿಸಿ ಬಿಟ್ಟೆ. ಸೆಕೆಯಾದಾಗ ಕಿಟಕಿ ತೆಗೆದೆ. ವರ್ಷದ ಬಿಲ್ ನೋಡಿ ಎದೆ ಧಸಕ್ಕೆಂದಿತು. ಕೆಳಗಿನ ಮನೆಯ ಅಜ್ಜ ನಕ್ಕರು: ‘ಕೆಳಗೆ ತಣ್ಣಗಿದ್ದರೇ ಸರಿ ಕಣಪ್ಪ. ನೀರು ತನ್ನ ಬಿಸಿಯನ್ನೆಲ್ಲ ನಿನಗೆ ಕೊಟ್ಟು ಹೊರಟಿದೆ ಅಂತ.’

ಇಲ್ಲಿ ಬಿಸಿಯೂ ನಲ್ಲಿ ನೀರಿನ ಹಾಗೆ ರಸ್ತೆ ಕೆಳಗಿನ ಪೈಪಿನಲ್ಲಿ ಬರುತ್ತದೆ. ಫ್ಯೆರ್ನ್‌ವಾರ್ಮೆ, ಅಂದರೆ ದೂರದ ಬಿಸಿ. 1973ರ ತೈಲ ಬಿಕ್ಕಟ್ಟಿನಲ್ಲಿ ಪೆಟ್ಟು ತಿಂದ ಡೆನ್ಮಾರ್ಕ್ 1979ರಲ್ಲಿ ಇದಕ್ಕೇ ಕಾನೂನು ಮಾಡಿತು. ಈಗ ಸುಮಾರು ಮೂರರಲ್ಲಿ ಎರಡು ಮನೆ ಇದರ ಮೇಲೇ ನಿಂತಿವೆ. ಅಮಾಗರ್ ಬಾಕೆ ಅನ್ನುವ ಇಲ್ಲಿನ ಸ್ಥಾವರದಲ್ಲಿ ಕಸ ಸುಟ್ಟು ಕರೆಂಟು, ಬಿಸಿ ಎರಡನ್ನೂ ತೆಗೆಯುತ್ತಾರೆ (ಅದರ ಮಾಡಿನ ಮೇಲೆ ಜನ ಸ್ಕೀ ಆಡುತ್ತಾರೆ, ಸುಮ್ನೆ ಹೇಳ್ತಿಲ್ಲ!). ಗಾಳಿ ಜೋರಾಗಿ ಕರೆಂಟು ಅಗ್ಗವಾದ ದಿನ ಅದರಲ್ಲೇ ನೀರು ಕಾಯಿಸುತ್ತಾರೆ. ನೀರು ಬಿಸಿಯಾಗಿಯೇ ವಾಪಸ್ ಹೋದರೆ ಇಡೀ ಲೆಕ್ಕ ಕೆಡುತ್ತದೆ, ಅದಕ್ಕೇ ಬಿಲ್ಲಿನಲ್ಲಿ ದಂಡ.

ತಲೆನೋವು ಬೆಳಗಿನ ಹೊತ್ತಿನದು. ಊರಿಗೆ ಊರೇ ಸ್ನಾನಕ್ಕೆ ನಿಂತಾಗ ದುಬಾರಿ ಬಾಯ್ಲರ್ ಹಚ್ಚಬೇಕು. ಅದರ ಬದಲು ಒಂದೆರಡು ಗಂಟೆ ರೇಡಿಯೇಟರ್ ತಗ್ಗಿಸಿದರೆ? ಗೋಡೆಗಳು ಬಿಸಿ ಹಿಡಿದಿಟ್ಟುಕೊಂಡಿರುತ್ತವೆ. ನಮ್ಮ ಬಚ್ಚಲ ಹಂಡೆ ಒಲೆ ಆರಿದ ಮೇಲೂ ಮಧ್ಯಾಹ್ನದವರೆಗೆ ಬೆಚ್ಚಗಿರೋದಿಲ್ವಾ, ಹಾಗೆ. ಇಲ್ಲಿನ ನಾರ್ಡ್‌ಹಾವ್ನ್ ಬಡಾವಣೆಯಲ್ಲಿ ಇದನ್ನು ಪ್ರಯೋಗ ಮಾಡಿಯೂ ನೋಡಿದ್ದಾರೆ. ಒಳ್ಳೆಯ ಉಪಾಯವೇ.

ಆದರೆ ನಮ್ಮ ಕಟ್ಟಡದಲ್ಲಿ ಬೆಳಿಗ್ಗೆ ಹೀಗೆ ತಗ್ಗಿಸುವುದು ಶುರುವಾದಾಗ ಅಮ್ಮ ಬಂದಿದ್ದರು. ಐದಕ್ಕೇ ಏಳುವವರು. ಸ್ವೆಟರ್, ಶಾಲು, ಎರಡು ಜೊತೆ ಕಾಲುಚೀಲ ಹಾಕಿಕೊಂಡು ರೇಡಿಯೇಟರಿಗೆ ಬೆನ್ನು ಕೊಟ್ಟು ಕೂತಿರುತ್ತಿದ್ದರು. ಕಟ್ಟಡದ ಸಮಿತಿಗೆ ಬರೆದೆ. ‘ಸರಾಸರಿ 20.5 ಡಿಗ್ರಿ ಇತ್ತು’ ಅಂತ ಉತ್ತರ ಬಂತು.

ಹಿತ ಅನ್ನೋದು ಒಂದು ಅಂಕಿ ಅಲ್ಲ ಅಂತ ತೋರಿಸಿದವರು ಇದೇ ಊರಿನ ಪಕ್ಕದ ವಿಶ್ವವಿದ್ಯಾಲಯದ ಫಾಂಗರ್ ಅನ್ನುವ ವಿಜ್ಞಾನಿ, 1970ರಷ್ಟು ಹಿಂದೆಯೇ. ಗಾಳಿಯ ಬಿಸಿ, ಸುತ್ತಲಿನ ಗೋಡೆಯ ಬಿಸಿ, ತೇವ, ಗಾಳಿಯ ಓಡಾಟ, ತೊಟ್ಟ ಬಟ್ಟೆ, ಮಾಡುವ ಕೆಲಸ, ಎಲ್ಲ ಲೆಕ್ಕಕ್ಕೆ ಬರಬೇಕು. ಎಲ್ಲವನ್ನೂ ಹದವಾಗಿ ಹೊಂದಿಸಿದರೂ ನೂರರಲ್ಲಿ ಐದು ಜನಕ್ಕೆ ಸರಿಹೋಗುವುದಿಲ್ಲ ಅನ್ನುವುದು ಅವರದೇ ಲೆಕ್ಕ. ಆ ಐದರಲ್ಲಿ ಅಮ್ಮ ಒಬ್ಬರು.

ಏಳಕ್ಕೆ ಮನೆ ಬಿಡುವ ನನ್ನಂಥವರ ರೇಡಿಯೇಟರ್ ಎಷ್ಟು ಬೇಕಾದರೂ ತಗ್ಗಿಸಲಿ. ಉಳಿದ ದುಡ್ಡು ನನ್ನ ಬಿಲ್ಲಿನಲ್ಲಿ ಕಾಣಿಸಲಿ. ಕೂಸು, ಮುದುಕರು ಇರುವ ಮನೆಗೆ ‘ಇವತ್ತು ಬೇಡ’ ಅನ್ನುವ ಒಂದು ಗುಂಡಿ ಕೊಡಲಿ. ಜಾಸ್ತಿ ಕೇಳಿದ ಹಾಗಾಯ್ತಾ?

ಡಿಸೆಂಬರಿಗೆ ಅಮ್ಮ ಮತ್ತೆ ಬರುತ್ತಾರಂತೆ. ಈ ಸಲ ಸಮಿತಿಯ ಸಭೆಗೆ ಅವರನ್ನೇ ಕರೆದುಕೊಂಡು ಹೋಗುತ್ತೇನೆ, ಶಾಲಿನ ಸಮೇತ.